ಬೊಚ್ಚುಬಾಯಿಯ ಕಾರು

ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡ ಕೂಡಲೇ ಯಾರೋ ಕೆಮ್ಮಿದರು. ಅವನು ಬೆಚ್ಚಿ ತಿರುಗಿ ನೋಡಿದ. ಅಕ್ಕನ ಮಂಡಿಗೆ ಇರಲಿ ಎಂದು ಇಟ್ಟಿದ್ದ ಪುಟ್ಟ ದಿಂಬು ಬಿಟ್ಟರೆ ಹಿಂದಿನ ಸೀಟಿನಲ್ಲಿ ಏನೂ ಇರಲಿಲ್ಲ. ಕೆಮ್ಮಿದವರು ಗಂಟಲು ಸರಿಮಾಡಿಕೊಂಡು, ಸ್ಟಿಯರಿಂಗಿನ ಆಚೆ ಎಲ್ಲಿಂದಲೋ, ಬೀಗರ ಸಲುಗೆಯಲ್ಲಿ ಮಾತಾಡಿದರು: “ನಮಸ್ಕಾರ, ನಾಗರಿಕರೇ. ಇವತ್ತು ಮತದಾನದ ದಿನ. ದೇಶ ಮುಂದೆ ಸಾಗಲಿ.” ಆ ದನಿ ಯಾರದೆಂದು ಹೇಳಲು ಜೋಯಿಸರು ಬೇಕಿರಲಿಲ್ಲ. ಕಾರು ಕಂಪನಿಯ ಯಜಮಾನ. ಮೊದಲು ಕಾರು ಮಾಡುತ್ತಿದ್ದ, ಆಮೇಲೆ ಭಾಷಣ ಮಾಡತೊಡಗಿದ, ಈಗ ಆಳುವ ಪಕ್ಷದ ಬಣ್ಣದ ಶಾಲು ಹೊದ್ದು ವೇದಿಕೆಯ ಮೇಲೆ ನಾಯಕರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ‘ದೇಶ ಮುಂದೆ ಸಾಗಲಿ’ ಎನ್ನುವುದು ಆ ಪಕ್ಷದ ಘೋಷಣೆ. ಊರಿನ ಒಂದು ಗೋಡೆಯನ್ನೂ ಅದು ಬಿಟ್ಟಿರಲಿಲ್ಲ. ಗೋಡೆಗಳು ಮುಗಿದವು, ಈಗ ಕಾರಿನ ಹೊಟ್ಟೆಗೆ ಇಳಿದಿದ್ದಾರೆ ಎಂದುಕೊಂಡು ಅವನು ಬಾಗಿಲು ತೆಗೆದು ಮತ್ತೆ ಹಾಕಿದ. ಮತ್ತೆ ಕೆಮ್ಮು, ಮತ್ತೆ ನಮಸ್ಕಾರ. ಇನ್ನೊಂದು ಸಲ ಹಾಕಿದ. ಯಜಮಾನನಿಗೆ ಬೇಸರವೆಂಬುದೇ ಇರಲಿಲ್ಲ. ಕಾರಿನಲ್ಲಿ ಕೂತವನಿಗೆ ಕಿವಿ ಬಿಸಿಯಾಗಿ, ಅದರ ಬೆನ್ನಿಗೇ ಎಲ್ಲಿಂದಲೋ ನಗು ಒತ್ತರಿಸಿ ಬಂತು. ಸಾವಿನ ಮನೆಯಲ್ಲಿ ಬಂದು ಮಾನ ಕಳೆಯುತ್ತದಲ್ಲ, ಆ ಜಾತಿಯ ನಗು. ಹೊಟ್ಟೆ ಹಿಡಿದುಕೊಂಡು ಸ್ಟಿಯರಿಂಗಿನ ಮೇಲೆ ಬಗ್ಗಿದ.

ಎಲ್ಲ ದಿನ ಬಿಟ್ಟು ಇವತ್ತೇ ಆಗಬೇಕಿತ್ತೇ. ಕಾರು ರಾತ್ರಿ ಮನೆಯೆದುರು ನಿಂತಲ್ಲಿಗೇ ಕಂಪನಿ ಗಾಳಿಯಲ್ಲಿ ಏನೇನೋ ಕಳಿಸಿ ಅದನ್ನು ಬದಲಾಯಿಸುತ್ತಿತ್ತು. ಮಲಗುವಾಗ ಒಂದು ಕಾರು, ಏಳುವಾಗ ಇನ್ನೊಂದು. ಗೆದ್ದ ಮೇಲೆ ಪಕ್ಷ ಬದಲಾಯಿಸುವ ಶಾಸಕರಂತೆ. ಒಂದು ಬೆಳಿಗ್ಗೆ ವೈಪರಿನ ಗುಂಡಿ ಮಾಯವಾಗಿತ್ತು. ಇನ್ನೊಂದು ಬೆಳಿಗ್ಗೆ ಪರದೆಯ ಮೇಲೆ ಒಂದು ನಾಯಿಮರಿ ಬಂದು ಕೂತಿತ್ತು, ಏಕೆಂದು ಯಾರೂ ಹೇಳಲಿಲ್ಲ. ತಾನೇ ಓಡುವ ವಿದ್ಯೆ ಮಾತ್ರ ‘ಮುಂದಿನ ವರ್ಷ’ ಬರುತ್ತಿತ್ತು, ಪ್ರತಿ ವರ್ಷವೂ ಮುಂದಿನ ವರ್ಷ. ಮಂತ್ರಿಗಳೂ ಬೀದಿಬೀದಿಗೆ ಚಾರ್ಜಿಂಗ್ ಕಂಬ ನೆಡುವುದು ಮುಂದಿನ ವರ್ಷವೇ. ಈ ಮುಂದಿನ ವರ್ಷವೆಂಬುದು ಎಷ್ಟು ತುಂಬಿಕೊಂಡಿರಬೇಕು, ಅದು ನಿಜವಾಗಿ ಬಂದರೆ ನಾವೆಲ್ಲ ಎಲ್ಲಿ ನಿಲ್ಲಬೇಕು ಎಂದು ಅವನು ಒಮ್ಮೊಮ್ಮೆ ಯೋಚಿಸುವುದಿತ್ತು. ಆದರೆ ಇವತ್ತು ಯೋಚನೆಗೆ ಪುರುಸೊತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅಕ್ಕ ಈ ಕಾರಿನಲ್ಲಿ ಕೂರಲಿದ್ದಳು. ವರ್ಷದ ಮೇಲಾಗಿತ್ತು ಅವಳು ಅವನೊಡನೆ ಮಾತು ಬಿಟ್ಟು. ನಿನ್ನೆ ಫೋನು ಬಂದದ್ದೂ ಅವನಿಗಲ್ಲ, ಅವನ ಹೆಂಡತಿಗೆ. “ನಿನ್ನ ಗಂಡನಿಗೆ ಹೇಳು, ವೋಟಿಗೆ ಹೋಗೋಕೆ ಬಸ್ಸಿಲ್ಲ, ಬರ್ಲಿ.” ಅಷ್ಟೇ. ಆ ‘ಬರ್ಲಿ’ ಎನ್ನುವುದನ್ನು ಅವನು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿ ಬದಲಾಯಿಸಿ ಕೇಳಿಸಿಕೊಂಡಿದ್ದ. ಈಗ ಅವಳು ಕೂತು ಬಾಗಿಲು ಹಾಕುತ್ತಾಳೆ, ಯಜಮಾನ ಕೆಮ್ಮುತ್ತಾನೆ, ಅವಳು ಇಳಿಯುತ್ತಾಳೆ. ಇಳಿದರೆ ಮತ್ತೆ ಹತ್ತುವ ಪೈಕಿ ಅಲ್ಲ ಅವಳು.

ಸಹಾಯವಾಣಿಗೆ ಫೋನು ಮಾಡಿದ. ಒಂದು ಹುಡುಗಿ ಬಹಳ ಮರ್ಯಾದೆಯಿಂದ, ಇದು ಸೀಟ್ ಬೆಲ್ಟಿನ ಎಚ್ಚರಿಕೆಯ ಹಾಗೆ ಸಾರ್ವಜನಿಕ ಹಿತದ ಸೂಚನೆ, ನಿಲ್ಲಿಸಲು ಬರುವುದಿಲ್ಲ, ಬಾಗಿಲು ಹಾಕಿದಾಗ ಮತ್ತು ಕಾರು ನಿಂತಾಗಲೆಲ್ಲ ಕೇಳಿಸುತ್ತದೆ ಎಂದಳು. “ಬೇಡ ಅಂದ್ರೆ ಮೌನದ ಪ್ಯಾಕೇಜ್ ಇದೆ ಸರ್. ತಿಂಗಳ ಲೆಕ್ಕ.”

“ಕೊಡಿ. ಈಗ್ಲೇ ಕೊಡಿ.”

“ಇವತ್ತು ರಜ ಸರ್. ಮತದಾನ. ನಾಳೆಯಿಂದ ಮೌನ ಶುರುವಾಗುತ್ತೆ.” ಆಮೇಲೆ ದನಿ ತಗ್ಗಿಸಿ, “ಬೆಳಿಗ್ಗೆಯಿಂದ ಎಲ್ರೂ ಇದನ್ನೇ ಕೇಳ್ತಿದಾರೆ ಸರ್. ನಮ್ಮಪ್ಪನೂ ಫೋನ್ ಮಾಡಿದ್ರು” ಎಂದಳು.

ಹೆಂಡತಿ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. “ಯಾರ ಜೊತೆ ಜಗಳ?” ಎಂದು ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿದಳು. ಯಜಮಾನ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವ ತನಕ ಕೆನ್ನೆಗೆ ಕೈಯಿಟ್ಟು ಕೇಳಿದಳು. “ಪಾಪ, ಶೀತ ಆಗಿದೆ ಅವ್ರಿಗೆ.”

“ತಮಾಷೆ ಅಲ್ಲ ಕಣೆ. ಅಕ್ಕ ಕೇಳಿದ್ರೆ ಇಳಿದು ನಡ್ಕೊಂಡು ಹೋಗ್ತಾಳೆ.”

“ಆ ಮಂಡೀಲಾ?”

“ತೆವಳ್ಕೊಂಡಾದ್ರೂ ಹೋಗ್ತಾಳೆ, ಇದ್ರಲ್ಲಿ ಕೂರಲ್ಲ.”

“ಬಾಯಿ ಮುಚ್ಚಿಸೋ ಹಿಟ್ಟು ಡಬ್ಬಿಗಟ್ಟಲೆ ಇಟ್ಕೊಂಡಿದೀರಿ, ಇವ್ರದ್ದೊಂದು ಬಾಯಿ ಮುಚ್ಚಿಸೋಕಾಗಲ್ವಾ” ಎಂದು ಅವಳು ನಗಾಡಿಕೊಂಡು ಒಳಗೆ ಹೋದಳು. ಹೇಳಿದವಳಿಗೆ ಅದು ಹಾಸ್ಯ. ಅವನಿಗೆ ತಲೆಯೊಳಗೆ ದೀಪ ಹತ್ತಿತು.

ಅವನು ಹಲ್ಲಿನ ಸೆಟ್ಟು ಮಾಡುವವನು. ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ. ಗೋಡೆಯುದ್ದಕ್ಕೂ ಸುಣ್ಣದಲ್ಲಿ ಎರಕ ಹೊಯ್ದ ಬಾಯಿಗಳು, ವಸಡಿನ ಬಣ್ಣದ ಪುಡಿ, ಬೆಳ್ಳಗಿನಿಂದ ಹಿಡಿದು ಹೊಗೆಸೊಪ್ಪಿನವರ ಹಳದಿಯ ತನಕ ಸಾಲಾಗಿ ಜೋಡಿಸಿದ ಹಲ್ಲುಗಳು. ಹಲ್ಲಿಲ್ಲದವರ ಮಾತು ಅವನಿಗೆ ತಾಯಿಭಾಷೆಯಷ್ಟೇ ಸಲೀಸು. ದೊಡ್ಡದೊಡ್ಡವರು ಆ ಕೋಣೆಯಲ್ಲಿ ಸೆಟ್ಟು ತೆಗೆದು ಬಟ್ಟಲಲ್ಲಿ ಹಾಕಿ, ಹೆಸರು ಹೇಳಲೂ ಬಾರದೆ ತೊದಲಿ, ಅವನ ಮುಖ ನೋಡುತ್ತಿದ್ದರು. ಒಬ್ಬ ಮಾಜಿ ಮಂತ್ರಿಗಳು ಹಾಗೆ ಕೂತಿದ್ದಾಗ ಅವರ ಮೇಲೆ ಅವನಿಗಿದ್ದ ಸಿಟ್ಟೆಲ್ಲ ಕರಗಿಹೋಗಿ, ಅದಕ್ಕಾಗಿ ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಬಾಯೊಳಗಿಟ್ಟು ವಸಡಿನ ಅಚ್ಚು ತೆಗೆಯುವ ಹಿಟ್ಟು ಪುದೀನದ ವಾಸನೆಯ ಗುಲಾಬಿ ಪುಡಿ. ನೀರು ಹಾಕಿ ಕಲಸಿದರೆ ಎರಡೇ ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಆ ಎರಡು ನಿಮಿಷ ಎಂಥ ಮಾತುಗಾರನೂ ಬಾಯಿ ತುಂಬಿಕೊಂಡು ಸುಮ್ಮನಿರಲೇಬೇಕು. ಇದ್ದ ಡಬ್ಬಿಯನ್ನೆಲ್ಲ ಬೋಗುಣಿಗೆ ಸುರಿದು ಕಲಸಿದ. ಪರದೆಯ ಮೇಲ್ಗಡೆ ಸಣ್ಣ ತೂತುಗಳ ಜಾಲರಿಯಿತ್ತು, ಸೂಚನೆಗಳೆಲ್ಲ ಬರುವುದು ಅಲ್ಲಿಂದಲೇ. ಹೆಬ್ಬೆರಳಿನಿಂದ ಒತ್ತಿಒತ್ತಿ ತುಂಬಿ, ಮೇಲೆ ನುಣ್ಣಗೆ ಸವರಿ, ಹಿಟ್ಟು ಒಣಗದಿರಲೆಂದು ಒದ್ದೆ ಕರವಸ್ತ್ರ ಹೊದಿಸಿದ. “ಉಗುಳಬೇಡಿ, ಮೂಗಿನಲ್ಲಿ ಉಸಿರಾಡಿ” ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತು. ಬಾಗಿಲು ಹಾಕಿ ಪರೀಕ್ಷಿಸಿದ. ಕೆಮ್ಮು ಸತ್ತಿತ್ತು. ಮಾತು ಸತ್ತಿರಲಿಲ್ಲ. “ಹಮಹ್ಕಾಹ, ಹಾಗಹಿಕಹೇ. ಹೇಹ ಮುಂಹೆ ಹಾಗಹಿ.” ಅಪ್ಪಟ ಬೊಚ್ಚುಬಾಯಿ. ಸೆಟ್ಟು ಮನೆಯಲ್ಲಿ ಮರೆತು ಬಂದ ಮುದುಕ. ಅವನು ಸೀಟಿನಲ್ಲಿ ಹಿಂದಕ್ಕೆ ಬಿದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇದು ಸಾಕು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡ. ಹಾಗೆ ಅಂದುಕೊಳ್ಳುವಾಗ ಒಂದು ವಿಷಯ ಮರೆತಿದ್ದ.

ಬೀದಿಗಿಳಿದ ಮೇಲೆ ಕಾರು ಎಂದಿನಂತೆ ನೀರಿನ ಮೇಲೆ ಎಲೆ ತೇಲಿದಂತೆ ಹೋಗತೊಡಗಿತು, ಮತ್ತು ಎಂದಿನಂತೆ ಅವನಿಗೆ ಅದರ ಮೇಲೆ ಪ್ರೀತಿ ಉಕ್ಕಿತು. ಇದೇ ಅವನ ದೊಡ್ಡ ನಾಚಿಕೆ. ಯಜಮಾನನನ್ನು ಕಂಡರೆ ಆಗದು, ಯಜಮಾನನ ಕಾರನ್ನು ಕಂಡರೆ ಪ್ರಾಣ. ಬಿಸಿತುಪ್ಪದ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ. ಯಾರೋ ಹಿಂದಿನ ಗಾಜಿನ ಧೂಳಿನ ಮೇಲೆ ಬೆರಳಿನಿಂದ ‘ಚೇಲಾ’ ಎಂದು ಬರೆದು ಹೋಗಿದ್ದರು. ಅವತ್ತೇ ಕಾರಿನ ಮುಂದಿನ ಕಂಪನಿ ಗುರುತನ್ನು ವಸಡಿನ ಬಣ್ಣದ ಮುಚ್ಚಳ ಮಾಡಿ ಮುಚ್ಚಿದ್ದ, ಮಾರನೆಯ ದಿನ ಮಹಡಿ ಮನೆಯವರು ಬಂದು, “ಹೊಸ ಮಾಡೆಲ್ಲಾ? ಎಲ್ಲಿ ಸಿಗುತ್ತೆ ಇದು?” ಎಂದು ಕೇಳಿದ್ದರು. ಮಾರಿಬಿಡೋಣವೆಂದು ಇನ್ನೊಂದು ಕಂಪನಿಯ ಮಳಿಗೆಗೂ ಹೋಗಿದ್ದುಂಟು. ಆ ಕಂಪನಿಯ ಯಜಮಾನ ವಿರೋಧ ಪಕ್ಷದಿಂದ ಸಂಸತ್ತಿಗೆ ನಿಂತಿದ್ದ. ವಿರೋಧ ಪಕ್ಷದ ನಾಯಕರು ಗೆದ್ದರೆ ಮನೆಗೊಂದು ಸ್ವದೇಶಿ ಕಾರು ಎಂದಿದ್ದರು, ವೇದಿಕೆಯ ಮೇಲೆ ಅದರ ಮಾದರಿಯನ್ನೂ ಇಟ್ಟಿದ್ದರು. ಗಾಳಿ ಬೀಸಿದಾಗ ಅದು ಹಾರಿಹೋಗಿ, ರಟ್ಟಿನದೆಂದು ಜನಕ್ಕೆ ತಿಳಿದಿತ್ತು. ಅತ್ತ ದರಿ, ಇತ್ತ ಪುಲಿ, ನಡುವೆ ಚಾರ್ಜು ಮುಗಿಯುತ್ತಿರುವ ಬ್ಯಾಟರಿ. ಸಂಜೆ ತಾನೂ ವೋಟಿಗೆ ಹೋಗಿ ಒಂದು ಗುಂಡಿ ಒತ್ತಬೇಕಿತ್ತು. ಯಾವುದೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಅಕ್ಕ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು, ಕೋಲು ಒಂದು ಕೈಯಲ್ಲಿ, ನೀರಿನ ಬಾಟಲಿ ಇನ್ನೊಂದು ಕೈಯಲ್ಲಿ, ಡ್ಯೂಟಿಗೆ ಹೊರಟ ಹಾಗೆ ಸೀರೆಯ ಸೆರಗು ಬಿಗಿದು. ಅವಳು ಬಸ್ಸಿನ ಕಂಡಕ್ಟರಾಗಿದ್ದವಳು. ಅಪ್ಪ ಅಮ್ಮ ಹೋದ ಮೇಲೆ ಆ ಚರ್ಮದ ಚೀಲದ ಚಿಲ್ಲರೆಯಲ್ಲೇ ತಮ್ಮನನ್ನು ಓದಿಸಿದವಳು. ಹಲ್ಲಿಲ್ಲದ ಅವಳ ಮುಖ ಒಳಕ್ಕೆ ಮಡಚಿಕೊಂಡು ಸಣ್ಣದಾಗಿತ್ತು. ಅದನ್ನು ನೋಡಿದ ಕೂಡಲೇ ಅವನ ನಗುವೆಲ್ಲ ಎಲ್ಲಿ ಹೋಯಿತೋ. ಅವನು ಅವಳಿಗೆ ಹಾರ್ನ್ ಹೊಡೆದಿದ್ದ. ಅದೊಂದು ಬೆಳಿಗ್ಗೆ, ವರ್ಷದ ಹಿಂದೆ. ಸರ್ಕಾರ ಅವಳು ಕೆಲಸ ಮಾಡಿದ್ದ ಬಸ್ ಡಿಪೋ ಮುಚ್ಚಿ, ಇನ್ನು ಮೇಲೆ ಕರೆಂಟಿನ ಬಸ್ಸು ಎಂದು ಹೇಳಿ, ಒಂದೇ ಒಂದು ಬಸ್ಸಿಗೆ ಹಸಿರು ರಿಬ್ಬನ್ನು ಕಟ್ಟಿ ಫೋಟೋ ತೆಗೆಸಿಕೊಂಡಿತು. ಫೋಟೋ ಮುಗಿದ ಮೇಲೆ ಬಸ್ಸು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ಜಾಗವನ್ನು ಯಜಮಾನನಿಗೆ ಚಾರ್ಜಿಂಗ್ ಅಂಗಳಕ್ಕೆಂದು ಕೊಟ್ಟರು. ಮನೆಯ ತಂತಿ ತಡೆಯುವುದಿಲ್ಲವೆಂದು ಅವನು ಅಲ್ಲಿಗೇ ಹೋಗುತ್ತಿದ್ದ, ಅಕ್ಕನಿಗೆ ಹೇಳದೆ. ಆ ಬೆಳಿಗ್ಗೆ ಗೇಟಿನಲ್ಲಿ ಹಳೆಯ ಡ್ರೈವರುಗಳು, ಕಂಡಕ್ಟರುಗಳು ಫಲಕ ಹಿಡಿದು ನಿಂತಿದ್ದರು. ಸದ್ದಿಲ್ಲದ ಕಾರು ಸದ್ದಿಲ್ಲದೆ ಅವರ ಬೆನ್ನಿಗೆ ಹೋಗಿ ನಿಂತಿತು. ಯಾರೂ ಸರಿಯಲಿಲ್ಲ, ಯಾರಿಗೂ ಕೇಳಿಸಿರಲಿಲ್ಲ. ಹಿಂದಿನಿಂದ ಇನ್ನೊಂದು ಕಾರು ಬಂತು, ಅವನಿಗೆ ಗಾಬರಿಯಾಯಿತು, ಹಾರ್ನ್ ಒತ್ತಿದ. ತಿರುಗಿ ನೋಡಿದ್ದು ಅಕ್ಕ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನೂ ಒಳಗೆ ಹೋಗಿ ಚಾರ್ಜಿಗೆ ಹಾಕಿದ, ಅದೇ ಸೋಜಿಗ. ಸಂಜೆ ಅಕ್ಕ ಅವನ ಮನೆಗೆ ಬಂದು, ಅವನು ಮಾಡಿಕೊಟ್ಟ ಎರಡೂ ಸಾಲು ಹಲ್ಲನ್ನು ಬಾಯಿಂದ ತೆಗೆದು ಸ್ಟೀಲಿನ ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟು, “ನಿನ್ನ ಕಾರೂ ಬೇಡ, ನಿನ್ನ ಹಲ್ಲೂ ಬೇಡ” ಎಂದಳು. ಹಲ್ಲಿಲ್ಲದ ಬಾಯಿಂದ ಬಂದ ಆ ಮಾತು ಅವತ್ತು ಅವನೊಬ್ಬನಿಗೇ ಅರ್ಥವಾಯಿತು.

ಈಗ ಅವಳು ಹಿಂದಿನ ಸೀಟಿನ ದಿಂಬನ್ನು ನೋಡಿದಳು, ಮುಂದಿನ ಬಾಗಿಲು ತೆಗೆದು ಅವನ ಪಕ್ಕ ಕೂತಳು. ಸರಿಯಾಗಿ ಜಾಲರಿಯ ಎದುರಿಗೇ. ಬಾಗಿಲು ಹಾಕಿಕೊಂಡಿತು.

“ಹಮಹ್ಕಾಹ, ಹಾಗಹಿಕಹೇ.”

ಅಕ್ಕ ಅಲುಗಲಿಲ್ಲ. ಕಾರು ಹೊರಟಿತು. ಬೀದಿಯ ಕೊನೆಗೆ ಬಂದಾಗ ಅವಳು ರಸ್ತೆ ನೋಡುತ್ತಲೇ, ಗಾಳಿಗೆ ಹೇಳಿದ ಹಾಗೆ, “ಯಾರಿದು?” ಎಂದಳು.

“ಯಾರೋ. ರೇಡಿಯೋ ಇರ್ಬೇಕು.”

ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಯಜಮಾನ ಮತ್ತೆ ಶುರುಮಾಡಿದ. ಅಕ್ಕ ಈ ಸಲ ತಲೆ ವಾರೆ ಮಾಡಿ ಕೇಳಿದಳು, ಮತ್ತು ಅವನಿಗೆ ತಾನು ಮರೆತದ್ದು ನೆನಪಾಯಿತು. ಹಲ್ಲಿಲ್ಲದವರ ಮಾತು ಹಲ್ಲಿಲ್ಲದವರಿಗೆ ತಿಳಿಯದೆ ಇರುತ್ತದೆಯೇ. ಊರಿಗೆಲ್ಲ ಮರೆಮಾಚಿ, ಯಾರಿಗೆ ಕೇಳಿಸಬಾರದೋ ಅವಳಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಆ ಮನುಷ್ಯನನ್ನು ಮಾತಾಡಿಸಿದ್ದ. ಕೆಂಪು ದೀಪ ಹಸಿರಾಗುವುದನ್ನೇ ಮರೆತಂತಿತ್ತು.

“ಅವನೇ ತಾನೆ?” ಎಂದಳು ಅಕ್ಕ.

“ಹೂಂ.”

ಅವಳ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಅವನು ಅದನ್ನೇ ನೋಡುತ್ತಿದ್ದ. ಟಿಕೆಟಿನ ಪುಸ್ತಕ ಹಿಡಿದು ಹಿಡಿದು ಸೊಟ್ಟಗಾದ ಹೆಬ್ಬೆರಳು. ಅದು ಹಿಡಿಯನ್ನು ಒತ್ತಲೂ ಇಲ್ಲ, ಬಿಡಲೂ ಇಲ್ಲ.

“ಹಲ್ಲೇನಾಯ್ತು ಅವನಿಗೆ?”

ಅವನು ಕರವಸ್ತ್ರ ಎತ್ತಿ ಗುಲಾಬಿ ಹಿಟ್ಟನ್ನು ತೋರಿಸಿದ. “ಅಚ್ಚು ತೆಗೀತಿದೀನಿ.”

ಅಕ್ಕ ಜಾಲರಿಯನ್ನು ನೋಡಿದಳು. ಅವನನ್ನು ನೋಡಿದಳು. ಮೊದಲು ಅವಳ ಭುಜ ಅಲುಗಿತು. ಆಮೇಲೆ ಮಡಚಿಕೊಂಡಿದ್ದ ಮುಖವೆಲ್ಲ ಬಿಚ್ಚಿಕೊಂಡು, ವಸಡು ಕಾಣುವಂತೆ, ಕೈ ಅಡ್ಡ ಹಿಡಿಯದೆ ನಕ್ಕಳು. ಅವನೂ ನಕ್ಕ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ದೀಪ ಯಾವಾಗಲೋ ಹಸಿರಾಗಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಯಜಮಾನ ಬಾಯಿ ತೆರೆಯುವುದನ್ನೇ ಇಬ್ಬರೂ ಕಾದರು. “ಹೇಹ ಮುಂಹೆ,” ಎಂದ ಯಜಮಾನ. “ಹಾಗಹಿ,” ಎಂದಳು ಅಕ್ಕ, ಅದೇ ರಾಗದಲ್ಲಿ. ಅವನಿಗೆ ಚಿಕ್ಕವನಾಗಿದ್ದಾಗ ಅವಳ ಬಸ್ಸಿನಲ್ಲಿ ಕೊನೆಯ ಟ್ರಿಪ್ಪಿನಲ್ಲಿ ಮನೆಗೆ ಬರುತ್ತಿದ್ದದ್ದು ನೆನಪಾಗಿ, ಸಂತೋಷಕ್ಕೆ ತಲೆ ತಿರುಗಿತು. ಸಂತೋಷವೇ. ಬೇರೆ ಹೆಸರು ಬೇಕಿಲ್ಲ ಅದಕ್ಕೆ.

ಸ್ವಲ್ಪ ದೂರ ಹೋದ ಮೇಲೆ ಅವಳು, “ಸದ್ದೇ ಇಲ್ವಲ್ಲೋ ಇದಕ್ಕೆ. ನಮ್ಮ ಬಸ್ಸಲ್ಲಿ ಗಂಟಲು ಹರ್ಕೊಂಡ್ರೂ ಟಿಕೆಟ್ ಅನ್ನೋದು ಕೇಳಿಸ್ತಿರ್ಲಿಲ್ಲ” ಎಂದಳು. ಆಮೇಲೆ, “ಚಾರ್ಜು ಈಗ್ಲೂ ಅಲ್ಲೇನಾ?”

“ಅಲ್ಲೇ.”

“ಯಾವ ಜಾಗದಲ್ಲಿ?”

“ಕ್ಯಾಂಟೀನಿತ್ತಲ್ಲ, ಅಲ್ಲಿ.”

“ನೆರಳಿದೆ ಅಲ್ಲಿ,” ಎಂದಳು. ಅವನಿಗೆ ಕ್ಷಮೆ ಕೇಳಬೇಕೆನ್ನಿಸಿತು. ಕೇಳಲು ಬಾಯಿ ತೆರೆದಾಗ ಕಾರು ನಿಂತು, ಯಜಮಾನನೇ ಮೊದಲು ಮಾತಾಡಿದ.

ಅವಳ ವೋಟು ಇನ್ನೂ ಡಿಪೋ ಹಿಂದಿನ ಶಾಲೆಯಲ್ಲೇ ಇತ್ತು. ಡಿಪೋದವರ ಕ್ವಾರ್ಟರ್ಸ್ ಒಡೆದು ಊರಿನ ಇನ್ನೊಂದು ತುದಿಗೆ ಹೋದ ಮೇಲೂ ಅವಳು ವಿಳಾಸ ಬದಲಾಯಿಸಿರಲಿಲ್ಲ, ಹಟಕ್ಕೆ. ಹತ್ತಿರವಾಗುತ್ತಿದ್ದಂತೆ ಬಿಸಿಲು ಮುಂದಿನ ಗಾಜಿನಿಂದ ನೇರ ಜಾಲರಿಯ ಮೇಲೆ ಬಿತ್ತು. ಕರವಸ್ತ್ರ ಒಣಗಿ ಗರಿಗರಿಯಾಗಿತ್ತು. ಒಣಗಿದರೆ ಈ ಹಿಟ್ಟು ಕುಗ್ಗುತ್ತದೆ, ಅಂಚು ಬಿಡುತ್ತದೆ. ಹೊಸಬರಿಗೆ ಅವನು ಮೊದಲು ಕಲಿಸುವ ಪಾಠವೇ ಅದು. “ದೇಹ ಮುಂದೆ ಹಾಗಲಿ,” ಎಂದ ಯಜಮಾನ, ಒಂದೊಂದೇ ಹಲ್ಲು ಮೂಡುತ್ತಿರುವ ಕೂಸಿನಂತೆ. ಶಾಲೆಯ ಗೇಟಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ಕಾರು ನಿಂತಿತು. “ದೇಶ ಮುಂದೆ ಸಾಗಲಿ!” ಕಿಟಕಿ ತೆರೆದಿತ್ತು. ಸಾಲಿನಲ್ಲಿ ನಿಂತಿದ್ದ ಜನವೆಲ್ಲ ತಿರುಗಿ ನೋಡಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಅವನು ಹೆಗಲು ಮುಟ್ಟಿಕೊಂಡಂತೆ ಸೀಟಿನಲ್ಲಿ ಕುಗ್ಗಿದ.

“ಯಾರ್ರೀ ಅದು, ಬೂತ್ ಹತ್ರ ಪ್ರಚಾರ ಮಾಡ್ತಿರೋದು? ಇಳೀರಿ ಕೆಳಗೆ.”

“ನಾನಲ್ಲ ಸಾರ್, ಕಾರು.”

“ಕಾರು?”

ಅಕ್ಕ ಕಿಟಕಿಯ ಕಡೆ ಬಾಗಿ ಏನೋ ಹೇಳಿದಳು, ಬಿಸಿಬಿಸಿಯಾಗಿಯೇ ಹೇಳಿದಳು. ಪೊಲೀಸಿನವರು, “ಏನಮ್ಮಾ? ಸರಿಯಾಗಿ ಹೇಳಿ” ಎಂದರು. ಮತ್ತೆ ಹೇಳಿದಳು. ಅವರಿಗೆ ತಿಳಿಯಲಿಲ್ಲ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನ ಮುಖ ಒಮ್ಮೆ ಕೆಂಪಾಯಿತು. ಡಬಲ್ ಡೆಕ್ಕರಿನ ಮೇಲ್ಮಹಡಿಗೂ ಕೇಳುವಂತೆ ಕೂಗಿದವಳ ಮುಖ. ಅಷ್ಟರಲ್ಲಿ ಇಳಿಯಲೆಂದು ತೆಗೆದ ಬಾಗಿಲನ್ನು ಅವನು ಅಳುಕಿ ಮತ್ತೆ ಎಳೆದುಕೊಂಡ, ಜಾಲರಿ ಇನ್ನೊಮ್ಮೆ ಕೆಮ್ಮಿತು. ಅವಳು ಬಾಟಲಿಯ ಮುಚ್ಚಳ ತಿರುಗಿಸಿ, ನೀರನ್ನಷ್ಟೂ ಅದರ ಬಾಯಿಗೆ ಸುರಿದಳು. ಯಜಮಾನ ನಮಸ್ಕಾರವೆನ್ನಲು ಹೋಗಿ ಗಳಗಳನೆ ಬಾಯಿ ಮುಕ್ಕಳಿಸಿದ, ಎರಡು ಗುಳ್ಳೆ ಬಿಟ್ಟ, ಸುಮ್ಮನಾದ. ಪರದೆ ಕಪ್ಪಾಯಿತು. ಎಲ್ಲ ಕಡೆ ಮೌನ, ಒಂದು ದಿನ ಮುಂಚಿತವಾಗಿ.

ಅಕ್ಕ ಅವನ ಕಡೆ ಅಂಗೈ ಚಾಚಿದಳು. “ಹಲ್ಲು ತಂದಿದೀಯಾ?”

ತಂದಿದ್ದ. ದಿನವೂ ಬೆಳಿಗ್ಗೆ ಅವಳು ಬಿಟ್ಟುಹೋದ ಆ ಡಬ್ಬಿಯ ನೀರು ಬದಲಾಯಿಸುತ್ತಿದ್ದ. ನೀರಿಲ್ಲದಿದ್ದರೆ ಹಲ್ಲು ಸೊಟ್ಟಗಾಗುತ್ತದೆಂದು ಹೆಂಡತಿಗೆ ಹೇಳುತ್ತಿದ್ದ. ಹೆಂಡತಿ ನಂಬಿದವಳಂತೆ ತಲೆಯಾಡಿಸುತ್ತಿದ್ದಳು. ಜೇಬಿನಿಂದ ಡಬ್ಬಿ ತೆಗೆಯುವಾಗ ಪ್ಯಾಂಟಿನ ಮೇಲೆ ನೀರು ಚೆಲ್ಲಿತು. ಅಕ್ಕ ಅತ್ತ ತಿರುಗಿ ಮೇಲಿನ ಸಾಲು, ಕೆಳಗಿನ ಸಾಲು ಕೂರಿಸಿಕೊಂಡು, ಇತ್ತ ತಿರುಗಿದಾಗ ಹಳೆಯ ಮುಖ ಬಂದಿತ್ತು.

“ಸಾಹೇಬ್ರೇ, ಮಾತಾಡಿದ್ದು ಕಾರು. ಇನ್ನು ಮಾತಾಡಲ್ಲ. ನಾನು ಇದೇ ಡಿಪೋದಲ್ಲಿ ಕೆಲ್ಸ ಮಾಡ್ದೋಳು, ವೋಟು ಹಾಕ್ಬೇಕು, ದಾರಿ ಬಿಡಿ.” ಒಂದೊಂದು ಅಕ್ಷರವೂ ಟಿಕೆಟ್ಟು ಹರಿದಂತೆ ಬಂತು. ಪೊಲೀಸಿನವರು ಪಕ್ಕಕ್ಕೆ ಸರಿದರು.

ಅವಳು ಇಳಿದು ಗೇಟಿನೊಳಗೆ ಕೋಲೂರಿಕೊಂಡು ನಡೆದಳು. ಅವನು ಕಾರನ್ನು ಒಳಗೆ ಮರದಡಿ ನಿಲ್ಲಿಸಬೇಕಿತ್ತು; ದಾರಿ ಕಿರಿದು, ಅವಳು ನಟ್ಟನಡುವೆ ಹೋಗುತ್ತಿದ್ದಳು, ಹಿಂದಿನಿಂದ ಒಂದು ಗಾಡಿ ಹಾರ್ನ್ ಹೊಡೆಯುತ್ತಿತ್ತು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅವಳು ಮೆಟ್ಟಿಲು ಹತ್ತಿ ಮರೆಯಾಗುವ ತನಕ ಕಾರು ಇದ್ದಲ್ಲೇ ಇತ್ತು. ಹಿಂದಿನವನು ಬಯ್ದ. ಬಯ್ಯಲಿ. ಯಾರು ಗೆದ್ದರೂ ನಾಳೆ ಡಿಪೋ ಮತ್ತೆ ಡಿಪೋ ಆಗುವುದಿಲ್ಲ, ಬಸ್ಸು ಬರುವುದಿಲ್ಲ, ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಆ ಮಂಡಿಯಲ್ಲಿ ಮೆಟ್ಟಿಲು ಹತ್ತಿದ್ದಳು.

ವಾಪಸು ಬಂದು ಕೂತವಳು ಬಾಗಿಲು ಹಾಕಿದಳು. ಇಬ್ಬರೂ ಜಾಲರಿಗೆ ಕಿವಿಗೊಟ್ಟು ಕಾದರು. ಏನೂ ಇಲ್ಲ. ಅವಳು ನಾಲಿಗೆಯಿಂದ ಹಲ್ಲನ್ನು ಅತ್ತಿತ್ತ ಆಡಿಸಿದಳು, ಟಕಟಕ ಎಂದಿತು.

“ಸಡಿಲ ಆಗಿದೆ ಕಣೋ. ಮಾತಾಡಿದ್ರೆ ಕುಣಿಯುತ್ತೆ.”

“ಹಲ್ಲಿಲ್ದೆ ಇಷ್ಟು ದಿನ ಇದ್ರೆ ವಸಡು ಸವೀದೇ ಇರುತ್ತಾ ಅಕ್ಕ. ಹೊಸದಾಗಿ ಅಚ್ಚು ತೆಗೀಬೇಕು.”

“ತೆಗಿ ಮತ್ತೆ.”

“ಹಿಟ್ಟೆಲ್ಲ ಇವನ ಬಾಯಿಗೆ ಹೋಯ್ತು.”

ಅಕ್ಕ ಜಾಲರಿಯಲ್ಲಿ ಉಬ್ಬಿಕೊಂಡಿದ್ದ ಗುಲಾಬಿ ಮುದ್ದೆಯನ್ನು ನೋಡಿದಳು, ಬೆರಳಲ್ಲಿ ಒಮ್ಮೆ ಒತ್ತಿದಳು. “ಹಾಗಾದ್ರೆ ನಾಳೆ ತರಿಸು. ತರಿಸಿ, ನೀನೇ ಬಂದು ಕರ್ಕೊಂಡು ಹೋಗು. ಬಸ್ಸಿಲ್ಲ ನಂಗೆ.”

ಅವನು ತಲೆಯಾಡಿಸಿದ. ಅಕ್ಕ ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಬಾಗಿಲಿನ ತಗಡಿಗೆ ಎರಡು ಸಲ ಬಡಿದು, “ರೈಟ್” ಎಂದಳು.